ಬೀಗಕ್ಕೆ ಮೇಣ, ಪರದೆಗೆ ಕೊಕ್ಕೆ

"ಇನ್ನೂ ಎಷ್ಟು ಹೊತ್ತೇ? ಬೇಗ ಹರಿಯೇ!" ಸ್ಕೂಲಿನ ಹಾಲ್ ಬಾಗಿಲಲ್ಲಿ ಕಾವಲು ನಿಂತಿದ್ದ ಗೆಳತಿ ಗಾಬರಿ ಪಿಸುಗುಟ್ಟಿದಳು.

"ಹರೀತಿಲ್ಲ ಕಣೇ, ಬಿಚ್ತಾ ಇದೀನಿ," ಎಂದಳು ಬುಗುರಿ. ಅವಳು ಸ್ಟೇಜಿನ ಮೇಲೆ ನೀಲಿ ಪರದೆಯ ರಾಶಿಯೊಳಗೆ ಕುತ್ತಿಗೆಯವರೆಗೆ ಮುಳುಗಿದ್ದಳು.

"ಎರಡೂ ಒಂದೇ ಅಲ್ವಾ?"

"ಒಂದೇ ಹೇಗಾಗುತ್ತೆ? ಹರಿದ್ರೆ ಬಟ್ಟೆ ಹಾಳು. ಬಿಚ್ಚಿದ್ರೆ ವಾಪಸ್ ಹೊಲೀಬಹುದು. ಅಷ್ಟೂ ಗೊತ್ತಿಲ್ವಾ ನಿಂಗೆ?"

ಗಾಬರಿಗೆ ಗೊತ್ತಿರಲಿಲ್ಲ. ಅವಳ ಅಮ್ಮ ಟೈಲರ್ ಅಲ್ಲ. ಬುಗುರಿಯ ಅಮ್ಮ ಟೈಲರ್. ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆಯನ್ನು ಬುಗುರಿ ಹೋದ ವಾರ ಅಮ್ಮನ ಡಬ್ಬಿಯಿಂದಲೇ ಎತ್ತಿಟ್ಟುಕೊಂಡಿದ್ದಳು. ಮೂರು ಹೊಲಿಗೆ ಬಿಟ್ಟು ಒಂದನ್ನು ಕತ್ತರಿಸು, ಆಮೇಲೆ ನೂಲಿನ ತುದಿ ಹಿಡಿದು ಎಳೆ, ಸರ್ರಂತ ಬರುತ್ತೆ ಎಂದು ಕಲಿಸಿದವಳೂ ಅಮ್ಮನೇ. ಆದರೆ ಇಲ್ಲಿ ಸರ್ರಂತ ಏನೂ ಬರುತ್ತಿರಲಿಲ್ಲ. ಎರಡು ವರ್ಷದ ಹಿಂದೆ ಈ ಪರದೆಯನ್ನು ಹೊಲಿದುಕೊಟ್ಟಿದ್ದೂ ಅಮ್ಮನೇ. ಅಮ್ಮನ ಹೊಲಿಗೆ ಅಮ್ಮನ ಮಾತಿನ ಹಾಗೆ, ಅಷ್ಟು ಸುಲಭಕ್ಕೆ ಸಡಿಲವಾಗುವುದಿಲ್ಲ.

ಬುಗುರಿಗೆ ಆ ಹೆಸರು ಬಂದದ್ದು ಒಂದು ಕಡೆ ನಿಲ್ಲದ ಅವಳ ಕಾಲುಗಳಿಂದ. ಈಗ ಹದಿಮೂರು ವರ್ಷ, ಎಂಟನೇ ಕ್ಲಾಸು, ಕಾಲುಗಳು ಇನ್ನೂ ನಿಂತಿಲ್ಲ. ಗಾಬರಿಗೆ ಆ ಹೆಸರು ಯಾಕೆ ಬಂತು ಎಂದು ಹೇಳಬೇಕಾಗಿಲ್ಲ. ಊಟದ ಬೆಲ್ ಹೊಡೆದರೂ ಬೆಚ್ಚಿ ಬೀಳುವ ಹುಡುಗಿ ಅವಳು. ಅಂಥವಳನ್ನು ಕಾವಲಿಗೆ ನಿಲ್ಲಿಸುವ ಧೈರ್ಯ ಬುಗುರಿಗೆ ಮಾತ್ರ ಇತ್ತು.

ಅಂತೂ ಎರಡು ಮಾರಿನಷ್ಟು ಹೊಲಿಗೆ ಬಿಚ್ಚಿಕೊಂಡಿತು. ಇಬ್ಬರೂ ಸೇರಿ ಪರದೆಯನ್ನು ಸ್ಟೇಜಿನ ಪಕ್ಕದ ಮರದ ಬೀರುವಿಗೆ ತುರುಕಿದರು. ಚಿಲಕಕ್ಕೆ ತೆರೆದ ಬೀಗ ನೇತಾಡುತ್ತಿತ್ತು. ಬುಗುರಿ ಅದನ್ನು ಒತ್ತಿದಳು. ಟಕ್ ಎಂದು ಬಿತ್ತು.

"ಈಗ ಗೋಂದು," ಎಂದು ಗಾಬರಿ ತನ್ನ ಪೌಚಿನಿಂದ ಟ್ಯೂಬ್ ತೆಗೆದಳು.

"ಅಯ್ಯೋ ಬೇಡ್ವೇ! ಗೋಂದು ಹಾಕಿದ್ರೆ ಬೀಗ ಸತ್ತೇ ಹೋಗುತ್ತೆ. ಮೇಣ ಆದ್ರೆ ಬಿಸಿ ತಾಗಿಸಿದ್ರೆ ಕರಗಿ ಬರುತ್ತೆ."

ಇದು ಅಪ್ಪನಿಂದ ಕಲಿತ ವಿದ್ಯೆ. ಬುಗುರಿಯ ಅಪ್ಪನದು ಬೀಗ ರಿಪೇರಿ ಅಂಗಡಿ. ಅವಳು ಮೇಣದಬತ್ತಿಯ ಚೂರನ್ನು ಅಂಗೈಯಲ್ಲಿ ಉಜ್ಜಿ ಮೆತ್ತಗೆ ಮಾಡಿ, ಪಿನ್ನಿನಿಂದ ಚೂರುಚೂರೇ ಬೀಗದ ತೂತಿಗೆ ತುಂಬಿದಳು. ಇಷ್ಟು ಜೋಪಾನವಾಗಿ ತುಂಟತನ ಮಾಡುವವರನ್ನು ಗಾಬರಿ ಎಲ್ಲೂ ಕಂಡಿರಲಿಲ್ಲ.

ಅಷ್ಟರಲ್ಲಿ ಹೊರಗೆ ಚಪ್ಪಲಿಯ ಸದ್ದು ಕೇಳಿತು. ಸ್ಕೂಲಿನ ಬೆಲ್ ಹೊಡೆಯುವ, ಕೀಗಳನ್ನು ನೋಡಿಕೊಳ್ಳುವ ಬೆಲ್ ತಾತ ಕಿಟಕಿಗಳನ್ನು ಹಾಕುತ್ತಾ ಬರುತ್ತಿದ್ದರು. ಗಾಬರಿ ಮೊದಲು ಓಡಿದಳು. ಕಾವಲಿಗಿದ್ದವಳು ನಾನು ಎಂಬುದು ಅವಳಿಗೆ ಗೇಟಿನ ಹತ್ತಿರ ಹೋದ ಮೇಲೆ ನೆನಪಾಯಿತು.

ಇಷ್ಟೆಲ್ಲಾ ಯಾಕೆ ಎಂದು ನೀವು ಕೇಳಬಹುದು. ಗಾಬರಿಯೂ ಕೇಳಿದ್ದಳು.

ಬುಗುರಿಗೆ ಎರಡು ಮನೆ. ಮೊದಲು ಒಂದೇ ಇತ್ತು. ಆ ಒಂದು ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯುತ್ತಿತ್ತು. ಫ್ಯಾನ್ ಎರಡರಲ್ಲಿ ಇಡಬೇಕೋ ಮೂರರಲ್ಲೋ ಎನ್ನುವುದಕ್ಕೂ ಜಗಳ. ಆಮೇಲೆ ಜಗಳ ನಿಂತಿತು. ಮಾತೂ ನಿಂತಿತು. ಅದು ಜಗಳಕ್ಕಿಂತ ಕೆಟ್ಟದಾಗಿತ್ತು. ಹೋದ ವರ್ಷ ಒಂದು ಭಾನುವಾರ ಅಪ್ಪ ಎರಡು ಬ್ಯಾಗು, ಒಂದು ಟೂಲ್ ಬಾಕ್ಸ್ ಹಿಡಿದುಕೊಂಡು ಅಂಗಡಿಯ ಮೇಲಿನ ರೂಮಿಗೆ ಹೋದ.

ಅಂದಿನಿಂದ ಬುಗುರಿ ಒಂದು ವಾರ ಅಮ್ಮನ ಮನೆ, ಒಂದು ವಾರ ಅಪ್ಪನ ಮನೆ. ಸೋಮವಾರ ಬೆಳಗ್ಗೆ ಒಬ್ಬರು ಸ್ಕೂಲಿಗೆ ಬಿಡುತ್ತಾರೆ, ಸಂಜೆ ಇನ್ನೊಬ್ಬರು ಕರೆದುಕೊಂಡು ಹೋಗುತ್ತಾರೆ. ಅವಳ ಬಟ್ಟೆ ಬ್ಯಾಗು ಅಲ್ಲಿಯವರೆಗೆ ಮೆಟ್ಟಿಲ ಕೆಳಗಿನ ಬೆಲ್ ತಾತನ ರೂಮಿನಲ್ಲಿ ಕೂತಿರುತ್ತದೆ. "ಬಂತಪ್ಪಾ ನಮ್ಮ ಪಾರ್ಸಲ್ಲು," ಎಂದು ತಾತ ನಗುತ್ತಾ ಅದಕ್ಕೊಂದು ಸ್ಟೂಲ್ ಕೊಡುತ್ತಿದ್ದರು. ಅಪ್ಪ ಅಮ್ಮ ಇಬ್ಬರೂ ಒಂದೇ ಕಡೆ ನಿಂತದ್ದನ್ನು ಬುಗುರಿ ಕಂಡು ಒಂದು ವರ್ಷವಾಗಿತ್ತು.

ಅವಳ ತುಂಟತನ ಹೆಚ್ಚಿದ್ದೂ ಆ ವರ್ಷವೇ. ಮೊದಲನೆಯದು ಸಿಟ್ಟಿನಿಂದ. "ನಿಮ್ಮಪ್ಪ ಓಡಿಹೋದ್ರಂತೆ," ಎಂದವನ ಟಿಫನ್ ಬಾಕ್ಸನ್ನು ಕಿಟಕಿಯಿಂದ ಎಸೆದಿದ್ದಳು. ಎರಡನೆಯದು ಯಾಕೆ ಎಂದು ಅವಳಿಗೇ ಗೊತ್ತಿಲ್ಲ. ಲೆಕ್ಕದ ಪೀರಿಯಡ್ಡಿನ ಮಧ್ಯೆ ಎದ್ದುಹೋಗಿ ತಾನೇ ಬೆಲ್ ಹೊಡೆದಿದ್ದಳು. ಅರ್ಧ ಸ್ಕೂಲು ಬ್ಯಾಗ್ ಹೊತ್ತು ಗೇಟು ದಾಟಿತ್ತು. "ಈ ಹುಡುಗಿ ಮೊದ್ಲು ಹೀಗಿರ್ಲಿಲ್ಲ," ಎಂದು ಟೀಚರುಗಳು ಮಾತಾಡಿಕೊಂಡರು. ಹೆಡ್‌ಮಿಸ್, ಅಂದರೆ ಮಕ್ಕಳ ಬಾಯಲ್ಲಿ ದೊಡ್ಡ ಮಿಸ್, ಅಪ್ಪ ಅಮ್ಮ ಇಬ್ಬರಿಗೂ ಬರಹೇಳಿದರು.

ಆಗ ಬುಗುರಿಯ ತಲೆಯಲ್ಲಿ ಬಲ್ಬ್ ಹತ್ತಿತು. ತುಂಟತನ ಮಾಡಿದರೆ ಇಬ್ಬರೂ ಬರುತ್ತಾರೆ! ಆದರೆ ಅಮ್ಮ ಬಂದದ್ದು ಬೆಳಗ್ಗೆ ಹತ್ತಕ್ಕೆ. ಅಪ್ಪ ಬಂದದ್ದು ಸಂಜೆ ನಾಲ್ಕಕ್ಕೆ. ದೊಡ್ಡ ಮಿಸ್ ಒಂದೇ ದೂರನ್ನು ಎರಡು ಸಲ ಹೇಳಿ ಸುಸ್ತಾದರು. "ಇದೇ ಕೊನೆ. ಇನ್ನೊಂದ್ಸಲ ಏನಾದ್ರೂ ಮಾಡಿದ್ರೆ ಟಿಸಿ ಕೊಟ್ಟು ಕಳಿಸ್ತೀನಿ," ಎಂದರು.

ಬುಗುರಿ ಹೊಸ ಲೆಕ್ಕ ಹಾಕಿದಳು. ದೂರಿಗಾದರೆ ಅವರವರಿಗೆ ಬಿಡುವಾದಾಗ ಬರುತ್ತಾರೆ, ಕೆಲಸಕ್ಕಾದರೆ ತಕ್ಷಣ ಬರಲೇಬೇಕು. ಶನಿವಾರ ಸ್ಕೂಲ್ ಡೇ. ಗುರುವಾರ ಕೊನೆಯ ರಿಹರ್ಸಲ್. ಬೀಗ ತೆಗೆಯಲು ಅಪ್ಪ ಬರುತ್ತಾನೆ. ಬೀಗ ತೆಗೆದರೆ ಒಳಗೆ ಬಿಚ್ಚಿದ ಪರದೆ. ಅದನ್ನು ಹೊಲಿಯಲು ಅಮ್ಮ ಬರುತ್ತಾಳೆ. ಮುಂದಿನದನ್ನು ಅವಳು ಯೋಚಿಸಿರಲಿಲ್ಲ. ಅದು ತಾನಾಗೇ ಆಗುತ್ತದೆ ಎಂದುಕೊಂಡಿದ್ದಳು.

ಗುರುವಾರ ಬೆಳಗ್ಗೆ ಎಲ್ಲವೂ ಅವಳು ಅಂದುಕೊಂಡ ಹಾಗೇ ನಡೆಯಿತು.

ನಾಟಕದವರೆಲ್ಲ ಹಾಲ್‌ನಲ್ಲಿ ಸೇರಿದ್ದರು. ಬುಗುರಿ ಒಂದೇ ಮಾತಿರುವ ಸೈನಿಕನ ಪಾರ್ಟಿನಲ್ಲಿದ್ದಳು, ಗಾಬರಿ ಮಾತೇ ಇಲ್ಲದ ಮರ. ಬೆಲ್ ತಾತ ಬೀರುವಿನ ಮುಂದೆ ಕೀ ಹಿಡಿದು ಒದ್ದಾಡುತ್ತಿದ್ದರು. ಕೀ ಒಳಗೆ ಹೋಗಲಿಲ್ಲ. ದೊಡ್ಡ ಮಿಸ್ ಬೀಗದ ಅಂಗಡಿಗೆ ಫೋನ್ ಮಾಡಿದರು.

ಹತ್ತೇ ನಿಮಿಷದಲ್ಲಿ ಅಪ್ಪನ ಸ್ಕೂಟರ್ ಬಂತು. ಅಪ್ಪ ಬೀಗವನ್ನು ತಿರುಗಿಸಿ ನೋಡಿ, ತೂತಿನೊಳಗೆ ಕಣ್ಣಿಟ್ಟು, ಉಗುರಿನಿಂದ ಒಂಚೂರು ಕೆರೆದು ಮೂಸಿದ. ಆಮೇಲೆ ಲೈಟರಿನಿಂದ ಕೀಯನ್ನು ಬಿಸಿ ಮಾಡಿ ಮೆಲ್ಲಗೆ ಒಳಗೆ ಒತ್ತಿದ. ಮೇಣ ಕರಗಿ ಇಳಿಯಿತು. ಬೀಗ ತೆರೆಯಿತು. ತುಂಬಾ ಒಳ್ಳೆಯ ಕೆಲಸವೇ, ಆದರೆ ಬುಗುರಿಗೆ ಅಪ್ಪ ಇನ್ನೊಂಚೂರು ನಿಧಾನ ಮಾಡಬಾರದಿತ್ತೇ ಎನ್ನಿಸಿತು.

ಪುಣ್ಯಕ್ಕೆ, ಬೀಗವನ್ನು ಪೂರ್ತಿ ಬಿಚ್ಚಿ ಕ್ಲೀನ್ ಮಾಡುತ್ತೇನೆ ಎಂದು ಅಪ್ಪ ಸ್ಟೇಜಿನ ಮೆಟ್ಟಿಲ ಮೇಲೆ ಕೂತ. ಇತ್ತ ಬೀರುವಿನಿಂದ ಪರದೆ ಎಳೆದರೆ ಎರಡು ಭಾಗವಾಗಿ ನೆಲಕ್ಕೆ ಬಿತ್ತು. ದೊಡ್ಡ ಮಿಸ್ ಹಣೆ ಹಣೆ ಚಚ್ಚಿಕೊಂಡು ಮತ್ತೊಂದು ಫೋನ್ ಮಾಡಿದರು.

ಅಮ್ಮ ಬಂದಳು. ಕುತ್ತಿಗೆಯಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ಮೆಟ್ಟಿಲ ಮೇಲೆ ಕೂತ ಅಪ್ಪನನ್ನು ನೋಡಿ ಒಂದು ಕ್ಷಣ ನಿಂತಳು.

"ಓ, ಬೀಗನೂ ಕೆಟ್ಟಿತ್ತಾ?" ಎಂದಳು.

"ಹೂಂ," ಎಂದ ಅಪ್ಪ.

ಒಂದು ವರ್ಷದಲ್ಲಿ ಮೊದಲ ಸಲ ಒಂದೇ ಹಾಲ್! ಒಂದೇ ಹೊತ್ತು! ಬುಗುರಿ ಗಾಬರಿಯ ತೋಳು ಚಿವುಟಿದಳು. ಮರವಾಗಿದ್ದ ಗಾಬರಿ "ಅಮ್ಮಾ!" ಎಂದು ಕಿರುಚಿತು.

ಅಷ್ಟರಲ್ಲಿ ದೊಡ್ಡ ಮಿಸ್ ಬೆಲ್ ತಾತನ ಕಡೆ ತಿರುಗಿದರು. "ನಿನ್ನೆ ಬೀರು ಬೀಗ ಹಾಕಿದ್ದು ಯಾರು?"

ತಾತ ತಲೆ ಕೆರೆದುಕೊಂಡರು. "ನಾನು ಬಂದಾಗ ಬೀಗ ಬಿದ್ದೇ ಇತ್ತು ಮೇಡಂ. ನಾನೇ ಹಾಕಿದ್ದೆ ಅನ್ಸುತ್ತೆ. ನೆನಪಾಗ್ತಿಲ್ಲ."

"ನೆನಪಾಗ್ತಿಲ್ಲ ಅಂದ್ರೆ ಹೇಗೆ? ಕೀ ಇರೋದು ನಿಮ್ಮ ಹತ್ರ. ಬೀಗದೊಳಗೆ ಮೇಣ, ಪರದೆ ಎರಡು ತುಂಡು. ಯಾರು ಒಳಗೆ ಬಂದ್ರು, ಏನು ಮಾಡಿದ್ರು, ಒಂದೂ ನಿಮಗೆ ಗೊತ್ತಿಲ್ಲ."

"ವಯಸ್ಸಾಯ್ತು ಮೇಡಂ," ಎಂದರು ತಾತ. ಸಣ್ಣ ದನಿಯಲ್ಲಿ ಮತ್ತೆ ಅಂದರು, "ಇತ್ತೀಚೆಗೆ ಮರೆವು ಜಾಸ್ತಿ ಆಗ್ತಿದೆಯೋ ಏನೋ."

ದೊಡ್ಡ ಮಿಸ್ ಕೆಟ್ಟವರೇನಲ್ಲ. ಆದರೆ ಸ್ಕೂಲ್ ಡೇಗೆ ಎರಡೇ ದಿನ ಇದ್ದಾಗ ಯಾರ ತಲೆಯೂ ನೆಟ್ಟಗಿರುವುದಿಲ್ಲ. "ಹಾಗಾದ್ರೆ ಈ ಶನಿವಾರ ಮುಗಿಸಿ ಮನೇಲಿ ಆರಾಮಾಗಿರಿ ತಾತ. ಕೀ ಬೇರೆಯವರಿಗೆ ಕೊಡ್ತೀನಿ," ಎಂದರು.

ತಾತ ಕೈಯಲ್ಲಿದ್ದ ಕೀ ಗೊಂಚಲನ್ನು ಎಣಿಸುವವರಂತೆ ಒಂದೊಂದೇ ಮುಟ್ಟಿ ನೋಡಿದರು.

ಬುಗುರಿ ಅಪ್ಪನ ಕಡೆ ನೋಡಿದಳು. ಅಪ್ಪ ತನ್ನ ಬೆರಳಿಗಂಟಿದ ಮೇಣವನ್ನು ನೋಡುತ್ತಿದ್ದ. ಬೀಗ ಕೆಡಿಸುವವರು ಯಾರೂ ಮೇಣ ಹಾಕುವುದಿಲ್ಲ. ಬೀಗ ಬದುಕಬೇಕು ಎನ್ನುವವರು ಮಾತ್ರ ಹಾಕುತ್ತಾರೆ. ಅಮ್ಮನ ಕಡೆ ನೋಡಿದಳು. ಅಮ್ಮ ಪರದೆಯ ಅಂಚನ್ನು ಕಣ್ಣಿನ ಹತ್ತಿರ ಹಿಡಿದಿದ್ದಳು. ಮೂರು ಬಿಟ್ಟು ಒಂದು, ಮೂರು ಬಿಟ್ಟು ಒಂದು. ಇಡೀ ಬಟ್ಟೆಯಲ್ಲಿ ಒಂದು ಎಳೆಯೂ ಕಿತ್ತಿರಲಿಲ್ಲ.

ಇಬ್ಬರೂ ಒಟ್ಟಿಗೆ ತಲೆ ಎತ್ತಿದರು. ಇಬ್ಬರ ಕಣ್ಣೂ ನೆಟ್ಟಗೆ ಸೈನಿಕನ ಮೇಲೆ ಬಂದು ನಿಂತವು.

ಯಾರೂ ಅವಳ ಹೆಸರು ಹೇಳಲಿಲ್ಲ. ಕಾಯುತ್ತಿದ್ದರು, ಅಷ್ಟೇ. ಹೇಳಿದರೆ ಟಿಸಿ. ಹೇಳದಿದ್ದರೆ ತಾತ ಮನೆಗೆ. ತಾತನಿಗೆ ಮರೆವೇನೂ ಇಲ್ಲ ಎಂದು ಈ ಹಾಲ್‌ನಲ್ಲಿ ಸರಿಯಾಗಿ ಗೊತ್ತಿದ್ದವಳು ಅವಳೇ. ತನಗೆ ಮರೆವು ಬಂದಿದೆ ಎಂದು ತಾತನೇ ನಂಬಿಬಿಟ್ಟಿದ್ದರು ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

"ಮಿಸ್, ತಾತ ಅಲ್ಲ. ನಾನು."

"ನಾನು ಬರೀ ಬಾಗಿಲಲ್ಲಿ ನಿಂತಿದ್ದೆ ಮಿಸ್!" ಎಂದಿತು ಮರ, ಯಾರೂ ಕೇಳದಿದ್ದರೂ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿಗೆ ಗಾಬರಿ ದೊಡ್ಡಕ್ಕ.

"ನಿನ್ನೆ ಬೀಗ ಒತ್ತಿದ್ದು ನಾನು. ತಾತಂಗೆ ಮರೆವು ಇಲ್ಲ. ಅವ್ರು ಹಾಕೇ ಇಲ್ಲ, ಮತ್ತೆ ನೆನಪು ಹೇಗಿರುತ್ತೆ?" ಬುಗುರಿಯ ಮಾತು ಒಂದರ ಮೇಲೊಂದು ಬಿದ್ದುಕೊಂಡು ಬಂತು. "ಮೇಣನೂ ನಾನೇ. ಹೊಲಿಗೆ ಬಿಚ್ಚಿದ್ದೂ ನಾನೇ."

ದೊಡ್ಡ ಮಿಸ್ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡರು. "ಯಾಕೆ?"

ಈ 'ಯಾಕೆ'ಗೆ ಉತ್ತರ ಹೇಳುವುದು ಕಷ್ಟ. ಬುಗುರಿ ತನ್ನ ಶೂ ನೋಡಿದಳು. ಯಾವತ್ತೂ ನಿಲ್ಲದ ಕಾಲುಗಳು ಅವತ್ತು ಅಲ್ಲಾಡಲಿಲ್ಲ.

"ಇಬ್ರೂ ಒಂದೇ ಸಲ ಬರ್ಲಿ ಅಂತ," ಎಂದಳು.

ಅಪ್ಪ ಆಗಲೇ ಎಣ್ಣೆ ಹಾಕಿದ್ದ ಬೀಗಕ್ಕೆ ಮತ್ತೆ ಎಣ್ಣೆ ಹಾಕತೊಡಗಿದ. ಅಮ್ಮ ಸೂಜಿಗಾಗಿ ಡಬ್ಬಿಯನ್ನೆಲ್ಲ ತಡಕಾಡಿದಳು. ಸೂಜಿ ಅವಳ ಕೈಯಲ್ಲೇ ಇತ್ತು. ದೊಡ್ಡ ಮಿಸ್ ಉಳಿದ ಮಕ್ಕಳನ್ನು ನೋಡಿ, "ನಡೀರಿ, ಎಲ್ಲಾ ಗ್ರೌಂಡಿಗೆ! ಡೈಲಾಗ್ ಅಲ್ಲೇ ಹೇಳಿ," ಎಂದು ತಾವೇ ಮುಂದಾಗಿ ಹೊರಟರು. ಹೋಗುವಾಗ ತಾತನನ್ನೂ ಕರೆದುಕೊಂಡು ಹೋದರು.

ಈಗ ಹಾಲ್‌ನಲ್ಲಿ ಮೂವರೇ ಉಳಿದರು. ಬುಗುರಿ ಕೇಳಿದ್ದೂ ಇದನ್ನೇ.

"ಬಂದ್ವಲ್ಲ," ಎಂದ ಅಪ್ಪ ಕೊನೆಗೆ. "ಬಂದ ಮೇಲೆ ಏನು ಮಾಡ್ಬೇಕು ಅಂತ ಇತ್ತು ನಿನ್ನ ಪ್ಲಾನು?"

"ಗೊತ್ತಿಲ್ಲ."

"ಅರ್ಧ ಪ್ಲಾನು ಹಾಕ್ಕೊಂಡು ಕೆಲಸಕ್ಕೆ ಇಳೀಬಾರ್ದು ಅಂತ ಎಷ್ಟು ಸಲ ಹೇಳಿದೀನಿ?"

ಬುಗುರಿಗೆ ನಗು ಬರಬೇಕಿತ್ತು, ಅಳು ಬಂತು. ಅಮ್ಮ ಅವಳನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡಳು. ಅಳತೆ ಟೇಪಿನ ತುದಿಯಿಂದಲೇ ಅವಳ ಮೂಗು ಒರೆಸಲು ಹೋಗಿ, ಅದು ಟೇಪು ಎಂದು ಗೊತ್ತಾಗಿ ಸೆರಗು ತೆಗೆದುಕೊಂಡಳು.

"ಇಲ್ಲಿ ಕೇಳು ಮರಿ. ನಾವು ಮತ್ತೆ ಒಂದೇ ಮನೇಲಿ ಇರಲ್ಲ. ನೀನು ಎಷ್ಟು ತಂಟೆ ಮಾಡಿದ್ರೂ ಇಲ್ಲ, ಚಿನ್ನದಂಥ ಹುಡುಗಿ ಆದ್ರೂ ಇಲ್ಲ. ಅದು ನಿನ್ನಿಂದ ಆದದ್ದೂ ಅಲ್ಲ, ನಿನ್ನಿಂದ ಸರಿಹೋಗೋದೂ ಅಲ್ಲ."

ಬುಗುರಿ ಅಪ್ಪನ ಮುಖ ನೋಡಿದಳು. ಅಮ್ಮ ಹೇಳಿದ್ದಕ್ಕೆಲ್ಲ ಇಲ್ಲ ಎನ್ನುವವನು ಅಪ್ಪ. ಇದಕ್ಕಾದರೂ ಇಲ್ಲ ಅನ್ನಲಿ ಎಂದು ಕಾದಳು. ಅಪ್ಪ ಹೌದೆಂದು ತಲೆ ಆಡಿಸಿದ. ಅದರಿಂದ ಅವಳಿಗೆ ತುಂಬಾ ನೋವಾಯಿತು. ಅವಳು ಸದ್ದು ಮಾಡಿಯೇ ಅತ್ತಳು, ಇಬ್ಬರೂ ಸುಮ್ಮನಿರಿಸಲು ಹೋಗಲಿಲ್ಲ.

ಅಳು ಒಂದು ಹಂತಕ್ಕೆ ಬಂದ ಮೇಲೆ ಅಮ್ಮ ಸೂಜಿಗೆ ದಾರ ಪೋಣಿಸಿದಳು. "ಅಂಗಡಿಗೆ ಒಯ್ದು ಮಿಷನ್‌ನಲ್ಲಿ ಹಾಕೋಷ್ಟು ಹೊತ್ತಿಲ್ಲ. ಕೈಯಲ್ಲೇ ಹಾಕ್ತೀನಿ. ಬಿಚ್ಚಿದೋಳು ಆ ಕಡೆ ಹಿಡ್ಕೊ. ನೀವು ಸ್ವಲ್ಪ ಈ ತುದಿ ಹಿಡ್ಕೊಳ್ಳಿ."

ಅಪ್ಪ ಕೈ ಒರೆಸಿಕೊಂಡು ಹಿಡಿದ. "ಇಷ್ಟು ಬಿಗಿ ಸಾಕಾ?"

"ಇನ್ನೊಂಚೂರು. ಹಾಂ, ಹಾಗೇ ಇರಿ."

ಅರ್ಧ ಗಂಟೆ ಅವರು ಹಾಗೇ ಇದ್ದರು. ಬುಗುರಿ ಒಮ್ಮೆ ಆ ಮುಖ, ಒಮ್ಮೆ ಈ ಮುಖ ನೋಡುತ್ತಿದ್ದಳು. ಜಗಳ ಆಗಲಿಲ್ಲ. ಬಸ್ಸಿನಲ್ಲಿ ಅಕ್ಕಪಕ್ಕ ಕೂತವರು ಮಾತಾಡುವ ಹಾಗೆ ಎರಡು ಮಾತು, ಅದೂ ಪರದೆಯ ಬಗ್ಗೆ. ಫ್ಯಾನ್ ಮೂರರಲ್ಲಿ ತಿರುಗುತ್ತಿತ್ತು, ಅದನ್ನು ಯಾರೂ ಗಮನಿಸಲೇ ಇಲ್ಲ. ಹಳೆಯ ಮನೆಯಲ್ಲಿ ಇವರು ಇಷ್ಟು ಹೊತ್ತು ಇಷ್ಟು ನೆಮ್ಮದಿಯಾಗಿ ಒಟ್ಟಿಗೆ ಕೂತದ್ದು ಅವಳಿಗೆ ನೆನಪೇ ಇರಲಿಲ್ಲ.

ದೊಡ್ಡ ಮಿಸ್ ತಾತನ ಜೊತೆ ವಾಪಸ್ ಬಂದಾಗ ಹೊಲಿಗೆ ಮುಗಿದಿತ್ತು. ಟಿಸಿಯ ಮಾತು ಅವರು ಎತ್ತಲಿಲ್ಲ. "ಒಂದು ತಿಂಗಳು ದಿನಾ ಬೆಳಗ್ಗೆ ಅರ್ಧ ಗಂಟೆ ಮೊದ್ಲೇ ಬಂದು ತಾತನ ಜೊತೆ ಎಲ್ಲಾ ರೂಮಿನ ಬೀಗ ತೆಗೀಬೇಕು. ಮೊದ್ಲು ಅವರ ಹತ್ರ ಕ್ಷಮೆ ಕೇಳು," ಎಂದರು. ತಾವೂ ತಾತನ ಕಡೆ ತಿರುಗಿ, "ನಾನೂ ದುಡುಕಿದೆ ತಾತ," ಎಂದರು.

"ತಪ್ಪಾಯ್ತು ತಾತ," ಎಂದಳು ಬುಗುರಿ. ತಲೆ ಎತ್ತಿ ಹೇಳಲು ಅವಳಿಗೆ ಆಗಲಿಲ್ಲ.

ತಾತ ಅವಳನ್ನು ಮೇಲಿಂದ ಕೆಳಗೆ ನೋಡಿದರು. "ಬೀಗ ಬೇಕಾದ್ರೆ ತೆಗೀಲಿ ಮೇಡಂ. ಆದ್ರೆ ಬೆಲ್ ಮಾತ್ರ ಇವಳ ಕೈಗೆ ಕೊಡಲ್ಲ," ಎಂದು ಹೇಳಿ, ಕೀ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಊಟದ ಬೆಲ್ ಹೊಡೆಯಲು ಹೊರಟರು. ಸಮಯಕ್ಕೆ ಸರಿಯಾಗಿ, ಒಂದು ನಿಮಿಷ ಹಿಂದೂ ಇಲ್ಲ ಮುಂದೂ ಇಲ್ಲ.

"ಇವತ್ತಿಗೆ ಇವಳನ್ನ ಮನೆಗೆ ಕರ್ಕೊಂಡು ಹೋಗಿ," ಎಂದರು ದೊಡ್ಡ ಮಿಸ್.

ಗೇಟಿನ ಹೊರಗೆ ಮೂವರೂ ನಿಂತರು. ಅಮ್ಮನ ಅಂಗಡಿ ಬಲಕ್ಕೆ, ಅಪ್ಪನ ಅಂಗಡಿ ಎಡಕ್ಕೆ.

"ಬೈಗುಳ ಬಾಕಿ ಇದೆ," ಎಂದಳು ಅಮ್ಮ. "ಈ ವಾರ ನಿಮ್ಮ ಮನೇಲಿ ತಾನೇ ಇವಳು? ಚೆನ್ನಾಗಿ ಬೈರಿ. ಟಿವಿ ಬಂದ್."

"ಬೈತೀನಿ. ಎಲ್ಲಾ ನಾನೇ ಖಾಲಿ ಮಾಡಲ್ಲ. ಅರ್ಧ ಸೋಮವಾರಕ್ಕೆ ಇಡ್ತೀನಿ."

"ಇಡಿ. ನನ್ನ ಮನೇಲೂ ಟಿವಿ ಬಂದ್."

"ಎರಡೂ ಮನೇಲಾ?" ಬುಗುರಿ ಬಾಯಿ ಬಿಟ್ಟಳು.

"ಎರಡೂ ಮನೇಲಿ," ಎಂದರು ಇಬ್ಬರೂ. ಒಂದು ವರ್ಷದಲ್ಲಿ ಅವರಿಬ್ಬರೂ ಒಂದೇ ದನಿಯಲ್ಲಿ ಒಪ್ಪಿದ ಮೊದಲ ವಿಷಯ ಅದು, ಅವಳ ಶಿಕ್ಷೆ.

ಅಮ್ಮ ಅವಳ ಕೆನ್ನೆ ಸವರಿ ಬಲಕ್ಕೆ ಹೊರಟಳು. ಅಪ್ಪ ಸ್ಕೂಟರಿಗೆ ಕಿಕ್ ಹೊಡೆದ. ಬುಗುರಿ ಹಿಂದೆ ಹತ್ತಿ ಕೂತು ತಿರುಗಿ ನೋಡಿದಳು. ಅಮ್ಮ ರಸ್ತೆಯ ತಿರುವಿನಲ್ಲಿ ನಿಂತು ಈ ಕಡೆ ನೋಡುತ್ತಿದ್ದಳು. ಅಪ್ಪನನ್ನು ನೋಡುತ್ತಿದ್ದಾಳೇನೋ ಎಂದು ಬುಗುರಿ ಒಂದು ಕ್ಷಣ ಆಸೆಪಟ್ಟಳು. ಅಲ್ಲ, ಅಮ್ಮ ನೋಡುತ್ತಿದ್ದುದು ಅವಳನ್ನು. ಮುಂದೆ ತಿರುಗಿದರೆ ಸ್ಕೂಟರಿನ ಕನ್ನಡಿಯಲ್ಲಿ ಅಪ್ಪನ ಕಣ್ಣು ಕಂಡಿತು. ಅದೂ ಅವಳನ್ನೇ ನೋಡುತ್ತಿತ್ತು.

"ಸರಿಯಾಗಿ ಕೂತ್ಯಾ?" ಎಂದ ಅಪ್ಪ.

"ಒಂದ್ನಿಮಿಷ," ಎಂದಳು ಬುಗುರಿ. ಅಮ್ಮನಿಗೆ ಕೈ ಬೀಸಿದಳು, ಅಮ್ಮ ಬೀಸುವವರೆಗೆ ಕಾದಳು. ಆಮೇಲೆ ಅಪ್ಪನ ಸೊಂಟ ಹಿಡಿದು, "ಹೂಂ, ಕೂತೆ. ಹೊರಡು," ಎಂದಳು.